ಎರಡು ಎಡತೋಳು

ಮಾರ್ಚ್ 3, ಬೆಳಗ್ಗೆ 9
ಹೊಲಿಗೆ ಅಂಗಡಿ ತೆರೆದೆ. ಟೇಪು ಹುಡುಕಿದೆ. ಕೊರಳಲ್ಲೇ ಇತ್ತು. ಮೊನ್ನೆವರೆಗೂ ಇದಕ್ಕೆ ಮರೆವು ಅಂತಿದ್ದರು, ಈಗ ರೋಗಲಕ್ಷಣ! ಹೋದ ವಾರ ಶಟರ್ ತಲೆಗೆ ಬಡಿದಾಗ ಡಾಕ್ಟರು ಚೀಟಿಯಲ್ಲಿ ಬರೆದರು — ಮೆದುಳಿಗೆ ಸಣ್ಣ ಪೆಟ್ಟು, ಮೂರು ವಾರ ಹುಷಾರು. ನಮ್ಮ ವಂಶದಲ್ಲಿ ಒಬ್ಬರಿಗೆ ಮೆದುಳಿದೆ ಅಂತ ಲಿಖಿತ ದಾಖಲೆ ಸಿಕ್ಕಿದ್ದು ಇದೇ ಮೊದಲು.

ಹೊಲಿಗೆ ಮೆಷಿನ್ ಮುಂದೆ ಕೂತ ಅಕ್ಕನ ಆಜ್ಞೆ: "ಕತ್ತರಿ ಮುಟ್ಟಬೇಡ. ಗುಂಡಿ ಹೊಲಿ."

ಕಟಿಂಗ್ ಮಾಸ್ತರ್ ನಾನು. ಗುಂಡಿ ಹೊಲಿದೆ.

ಮಾರ್ಚ್ 5
ಬ್ಯಾಂಡ್ ಮಾಸ್ತರು ಬಂದರು. ಕಿವುಡನಿಗೆ ಹೇಳುವ ಹಾಗೆ, "ನಾನು... ಯಾರು... ಗೊತ್ತಾಯ್ತಾ...?"
"ಹೋದ ವರ್ಷ ಸೊಂಟ ಮೂವತ್ತಾರು. ಈಗ ನಲವತ್ತು" ಅಂದೆ. ಮುಖ ಊದಿಸಿಕೊಂಡರು. ಕೋಟಿನ ಬಟ್ಟೆ ಮಾತ್ರ ಬಿಟ್ಟುಹೋದರು.

ಸ್ನಾನದ ಮನೆಯಲ್ಲಿ ಗುಟ್ಟಾಗಿ ಹದಿನೇಳರ ಮಗ್ಗಿ ಹೇಳಿಕೊಂಡೆ. ಹದಿನೇಳೆಂಟ್ಲಿಗೆ ನಿಂತುಹೋಯ್ತು. ಮೊದಲಾದರೂ ಬರ್ತಿತ್ತಾ? ಅದೂ ನೆನಪಿಲ್ಲ...

ಮಾರ್ಚ್ 18
ಡಾಕ್ಟರು ನೋಡಿದರು. "ಸರಿಯಾಗಿದ್ದೀರಿ. ಕತ್ತರಿ ಹಿಡೀರಿ."
"ಚೀಟೀಲಿ ಮೆದುಳು ಅಂತ ಬರೆದಿದ್ರಿ..."
"ಪಕ್ಕದಲ್ಲೇ 'ಸಣ್ಣ' ಅಂತಲೂ ಬರೆದಿದ್ದೆ. ಅದನ್ನ ಓದಲೇ ಇಲ್ವಾ?"

ಮಾರ್ಚ್ 19, ಸಂಜೆ 5
ನನ್ನ ಕತೆ ಮುಗೀತು. ಬ್ಯಾಂಡ್ ಮಾಸ್ತರನ್ನು ಎದುರಿಗೆ ಕೂರಿಸಿಕೊಂಡು, ಅವರ ಸೊಂಟದ ಬಗ್ಗೆ ತಮಾಷೆ ಮಾಡ್ತಾ ಕೋಟು ಕತ್ತರಿಸಿದೆ. ಎರಡನೇ ತೋಳಿಗೆ ಕಾಗದದ ಅಚ್ಚನ್ನು ಮಗುಚಿ ಇಡಲೇ ಇಲ್ಲ. ಎರಡೂ ಎಡತೋಳು! ಅವರು ಹೋದ ಮೇಲೆ ಕತ್ತರಿಯನ್ನ ಅಕ್ಕನ ಮುಂದಿಟ್ಟೆ. "ಇನ್ನು ಇದು ನಿನ್ನದು. ನನ್ನ ತಲೆ ಕೆಟ್ಟಿದೆ."

ಅಕ್ಕ ಎದ್ದಳು. ಇಸ್ತ್ರಿ ಮೇಜಿನ ಹೊದಿಕೆ ಎಳೆದಳು. ಕೆಳಗೆ ಮೆತ್ತೆಯಾಗಿ ಹಾಸಿದ್ದು ಹಳೇ ಕೋಟು. ನನ್ನ ಮೊದಲ ಕೋಟು! ಅವತ್ತೇ ಸುಟ್ಟೆ ಅಂದಿದ್ದಳು. ತೋಳು ಬಿಡಿಸಿ ತೋರಿಸಿದಳು. ಎರಡೂ ಎಡ.

"ನನ್ನ ಮದುವೇಲಿ ನಿಮ್ಮ ಭಾವನಿಗೆ ಅಂತ ಹೊಲಿದಿದ್ದೆಯಲ್ಲೋ! ಆಗ ಯಾವ ಶಟರ್ ಬಡಿದಿತ್ತು ತಲೆಗೆ?"
ತೋಳುಗಳನ್ನ ತಿರುಗಿಸಿ ತಿರುಗಿಸಿ ನೋಡಿದೆ.
"ಅವತ್ತೂ ಭಾವನನ್ನ ರೇಗಿಸ್ತಾ ಕತ್ತರಿಸಿದ್ದೆ. ನಿನ್ನ ತಲೆ ಸರಿ ಇದೆ ಕಣೋ. ಬಾಯಿ ಸರಿ ಇಲ್ಲ."

ನಕ್ಕೆವು. ಹೊಟ್ಟೆ ಹಿಡಿದುಕೊಂಡು, ಇಪ್ಪತ್ತು ವರ್ಷದ ಬಾಕಿ ಸೇರಿಸಿ. ಕತ್ತರಿಯನ್ನ ನನ್ನ ಕಡೆ ತಳ್ಳಿದಳು.

ಮಾರ್ಚ್ 20, ಬೆಳಗ್ಗೆ 11
ಉಳಿದ ಬಟ್ಟೆಯಲ್ಲಿ ಬಲತೋಳು ಕತ್ತರಿಸಿದೆ. ತುಟಿ ಪಿಟಕ್ಕೆನ್ನಲಿಲ್ಲ. ಅಪ್ಪಟ ಬಲ!

ಅಕ್ಕ ಅಂಗಡಿಯೆಲ್ಲ ತಡಕಾಡ್ತಿದ್ದಾಳೆ. ತನ್ನ ಟೇಪು ಕಾಣ್ತಿಲ್ಲವಂತೆ. ಹೇಳಲಾ, ಬೇಡವಾ... ಇನ್ನೊಂದು ನಿಮಿಷ ನೋಡಿ ಆನಂದಪಡ್ತೀನಿ. ಅವಳ ಕೊರಳಲ್ಲೇ—