ಹೌಮಿಯಾವನ್ನು ಒಡೆದವರು ಯಾರು

ಕಿದ್ವಾಯಿ ನಗರ, ದೆಹಲಿ
2 ನವೆಂಬರ್ 2025

ಚಿರಂಜೀವಿ ಹರಿಣಿಗೆ ಅಮ್ಮನ ಆಶೀರ್ವಾದಗಳು.

‘ಸೌಭಾಗ್ಯವತಿ’ ಎಂದು ಸೇರಿಸಲು ಪೆನ್ನು ಒಪ್ಪಲಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಉತ್ತರ ತಡವಾಯಿತು, ಅದಕ್ಕೂ ಕ್ಷಮೆ ಇರಲಿ. ನಮ್ಮ ಫೋನುಗಳಲ್ಲಿ ನಿನ್ನ ಗಂಡನೆನಿಸಿಕೊಂಡ ಅನೂಪ್ ಹೇಗೋ ಇಣುಕುತ್ತಾನೆ, ಪತ್ರ ಮಾತ್ರ ಬರೆಯಿರಿ ಎಂದೆ ನೀನು. ಪತ್ರವೆಂದರೆ ನಿನ್ನ ಜೊತೆ ಕೆಲಸ ಮಾಡುವ ಪ್ರೇರಣಾ ಲಡಾಖಿನಿಂದ ಇಳಿದು ಬರಬೇಕು, ವಾಪಸು ಹೋಗುವಾಗ ಒಯ್ಯಬೇಕು. ನಾಳೆ ಹೊರಡುತ್ತಾಳಂತೆ. ನಿಮ್ಮ ವೀಕ್ಷಣಾಲಯದ ಬೆಟ್ಟದ ಮೇಲೆ ಉಸಿರಾಡಲು ಗಾಳಿಯೇ ಸಾಲದು ಎಂದಳು. ಇಲ್ಲಿ ಗಾಳಿ ಬೇಕಾದಷ್ಟಿದೆ, ಉಸಿರಾಡುವ ಹಾಗಿಲ್ಲ. ಪಟಾಕಿಯ ಹೊಗೆ ಇನ್ನೂ ನಮ್ಮ ಹತ್ತನೆಯ ಮಹಡಿಯ ಕಿಟಕಿ ಬಿಟ್ಟು ಹೋಗಿಲ್ಲ.

ಹೌಮಿಯಾ ಬಗ್ಗೆ ನೀನು ಬರೆದದ್ದನ್ನು ಎಷ್ಟು ಸಲ ಓದಿದೆನೋ. ಪ್ಲೂಟೋದಂಥದ್ದೇ ಕುಬ್ಜ ಗ್ರಹ, ನೆಪ್ಚೂನಿನ ಆಚೆ ಇದೆ, ಮೊಟ್ಟೆಯ ಹಾಗೆ ಉದ್ದಕ್ಕಿದೆ. ಇಲ್ಲಿಯವರೆಗೆ ಸಲೀಸು. ಅಲ್ಲಿ ಹಗಲು ರಾತ್ರಿ ಸೇರಿದರೂ ನಾಲ್ಕು ತಾಸಿಲ್ಲ ಎಂದಾಗ ಸುಸ್ತಾದೆ. ನಾನಿಲ್ಲಿ ಇಡ್ಲಿಗೆ ನೆನೆಹಾಕಿದ ಅಕ್ಕಿ ನೆನೆಯುವುದರೊಳಗೆ ಅಲ್ಲಿ ಒಂದು ದಿನವೇ ಮುಗಿದಿರುತ್ತದೆ! ಯಾವ ಕಾಲದಲ್ಲೋ ಏನೋ ಒಂದು ದೊಡ್ಡದು ಬಂದು ಬಡಿಯಿತು, ಅದಕ್ಕೇ ಅದು ಹಾಗೆ ಗಿರಗಿರನೆ ತಿರುಗುತ್ತದೆ, ಎಗರಿದ ಹಿಮದ ಚೂರುಗಳು ಇವತ್ತಿಗೂ ಹೆಚ್ಚುಕಡಿಮೆ ಅದೇ ದಾರಿಯಲ್ಲಿ ಸೂರ್ಯನನ್ನು ಸುತ್ತುತ್ತಿವೆ ಎಂದು ಬರೆದಿದ್ದೀಯ. ದಾರಿ ನೋಡಿಯೇ ಇವೆಲ್ಲ ಒಂದೇ ಮನೆಯವು ಎಂದು ಗುರುತು ಹಿಡಿದರಂತೆ. ಅದೂ ತಲೆಗೆ ಹೋಯಿತು. ಕೊನೆಯ ಪುಟ ಮಾತ್ರ ಹೋಗಲಿಲ್ಲ. ಚೂರುಗಳು ಎಗರಲು ಹೊರಗಿನಿಂದ ಯಾವ ಬಂಡೆಯೂ ಬಡಿಯಬೇಕಿಲ್ಲ, ಒಳಗಿನ ಕಲ್ಲು ನಿಧಾನವಾಗಿ ನಡುವಿಗೆ ಇಳಿದು, ತಿರುಗುವ ವೇಗ ಹೆಚ್ಚಿ, ತನ್ನ ಮೈಯನ್ನು ತಾನೇ ಕಿತ್ತೆಸೆದಿರಬಹುದು ಎಂದು ಈಗ ಕೆಲವರು ಹೇಳುತ್ತಾರಂತಲ್ಲ. “ಯಾರೂ ಹೊಡೀದೆ ಒಡೆಯೋದುಂಟೇನ್ರೀ?” ಎಂದು ನಿನ್ನ ಅಪ್ಪನನ್ನು ಕೇಳಿದೆ. “ಮೊದ್ಲು ಕಾಫಿ ಕೊಡು” ಎಂದರು.

ಈಗ ವಿಷಯಕ್ಕೆ ಬರುತ್ತೇನೆ. ಗಾಬರಿಯಾಗಬೇಡ, ಎಲ್ಲ ಮುಗಿದ ಮೇಲೆ ಬರೆಯುತ್ತಿದ್ದೇನೆ. ನರಕ ಚತುರ್ದಶಿಯ ದಿನ ಅನೂಪ್ ಮನೆಗೆ ಬಂದಿದ್ದ. ಅಪ್ಪನೇ ಕರೆದಿದ್ದರು. “ದೀಪಾವಳಿಗೆ ಅಳಿಯನ್ನ ಕರೆದು ಎಣ್ಣೆ ನೀರು ಹಾಕದೆ ಇದ್ರೆ ಹೇಗೇ? ಪೀತಮ್‌ಪುರದ ಬೀಗರು ಏನಂದ್ಕೋತಾರೆ?” ಎಂದರು. ನಿನ್ನ ಮುಂಗೈ ಮೂಳೆ ಮುರಿದವನಿಗೆ ಅಭ್ಯಂಜನ! ಹಾವಿಗೆ ಹಾಲೆರೆಯುವುದು ಎಂದರೆ ಇದೇ. ಆದರೆ ನಿನ್ನ ಅಪ್ಪ, ಸೆಕ್ಷನ್ ಆಫೀಸರ್ ದಕ್ಷಿಣಾಮೂರ್ತಿಗಳ ಮನೆಯಲ್ಲಿ ಪದ್ಧತಿ ತಪ್ಪಿದ ಉದಾಹರಣೆ ಇಲ್ಲವಲ್ಲ. ಬಚ್ಚಲಿನ ಮುಂದೆ ರಂಗೋಲಿ ಎಳೆದು ಮಣೆ ಹಾಕಿದೆ. ಟವೆಲ್ ಸುತ್ತಿಕೊಂಡು ಮದುಮಗನ ಹಾಗೆ ಬಂದು ಕೂತ. ಬೆರಳ ತುದಿಯಿಂದಷ್ಟೇ ನೆತ್ತಿಗೆ ಎಣ್ಣೆ ಇಟ್ಟೆ. ಹೆದರಿಕೆಯಿಂದಲ್ಲ, ಅಸಹ್ಯದಿಂದ.

“ಮಮ್ಮೀಜಿ, ಹರಿಣಿ ಎಲ್ಲಿದಾಳೆ ಹೇಳ್ಬಿಡಿ ನಾ,” ಎಂದ. “ಮೈ ಖುದ್ ಹೋಗಿ ಕರ್ಕೊಂಡ್ ಬರ್ತೀನಿ. ಬಸ್, ಅಡ್ರೆಸ್ ಕೊಡಿ.”

“ಹೌಮಿಯಾದಲ್ಲಿ ಇದ್ದಾಳಪ್ಪ,” ಎಂದೆ. “ಪ್ಲೂಟೋ ದಾಟಿ ಸ್ವಲ್ಪ ಮುಂದೆ ಹೋಗ್ಬೇಕು.”

ಅಷ್ಟೇ ಸಾಕಾಯಿತು. ಎಣ್ಣೆ ಬಟ್ಟಲನ್ನು ಒದ್ದ. ಅದು ಹಾರಿ ಷೋಕೇಸಿನ ಗಾಜು ಪುಡಿಯಾಯಿತು. “ಮಜಾಕ್ ಮಾಡ್ತೀರಾ? ಕಾಲು ಮುರಿದು ಎಳ್ಕೊಂಡ್ ಬರ್ತೀನಿ ಅವಳ್ನ!” ಎಂದು ಎದ್ದವನೇ ನನ್ನ ತುರುಬು ಹಿಡಿದು ತಲೆಯನ್ನು ಬಚ್ಚಲ ಬಾಗಿಲಿಗೆ ಕುಟ್ಟಿದ. ಒಂದು ಸಲ ಅಲ್ಲ. ಕಣ್ಣು ಕತ್ತಲಿಟ್ಟಿತು. ಕೈಗೆ ಸಿಕ್ಕಿದ್ದು ಅವನ ತಲೆಗೆಂದೇ ಕಲಸಿಟ್ಟಿದ್ದ ಸೀಗೆಪುಡಿ. ಹಿಡಿ ತುಂಬ ತೆಗೆದು ಅವನ ಎರಡೂ ಕಣ್ಣಿಗೆ ತಿಕ್ಕಿದೆ, ಹೆಬ್ಬೆರಳು ಒತ್ತಿ ಒತ್ತಿ ತಿಕ್ಕಿದೆ. ಗೂಳಿಯ ಹಾಗೆ ಅರಚಿದ. ಕಣ್ಣು ಕಾಣದೆ ಗಾಳಿಗೆ ಗುದ್ದುತ್ತ, ತಾನೇ ಚೆಲ್ಲಿದ ಎಣ್ಣೆಯ ಮೇಲೆ ಜಾರಿ, ನಲ್ಲಿಗೆ ಹಣೆ ಬಡಿದುಕೊಂಡು ಬಿದ್ದ. ರಂಗೋಲಿಯ ಮೇಲೆಲ್ಲ ರಕ್ತ. ಸತ್ಯ ಹೇಳುತ್ತೇನೆ ಮಗಳೇ, ನನಗೆ ಖುಷಿಯಾಯಿತು. ಸೀಗೆಪುಡಿ ಇನ್ನೂ ಇದ್ದಿದ್ದರೆ ಅದನ್ನೂ ತಿಕ್ಕುತ್ತಿದ್ದೆ.

ಸದ್ದು ಕೇಳಿ ಎದುರು ಮನೆಯ ಏಕನಾಥ ಮತ್ತು ಗಾರ್ಡ್ ಭಯ್ಯಾ ಬಂದು ಅವನನ್ನು ರೆಟ್ಟೆ ಹಿಡಿದು ಎಳೆದುಕೊಂಡು ಹೋದರು. ಟವೆಲಿನಲ್ಲೇ ಲಿಫ್ಟ್ ಇಳಿದ ಅಳಿಯರಾಯರನ್ನು ಇಡೀ ಟವರ್ ನೋಡಿತು.

ಮಧ್ಯಾಹ್ನವೇ ಠಾಣೆಗೆ ಹೋಗಿ ದೂರು ಕೊಟ್ಟೆ. ಜೊತೆಗೆ ಏಕನಾಥ ಬಂದಿದ್ದರು. ತಲೆಗೆ ಹೊಲಿಗೆ ಹಾಕಿದ್ದಾರೆ, ಗಾಯ ಮಾಯುತ್ತಿದೆ. ಹಾಂ, ಆ ಗಲಾಟೆಯಲ್ಲಿ ನನ್ನ ಮುಂದಿನ ಹಲ್ಲು ಒಂದು ಹೋಯಿತು. “ಮಾತಾಜಿ, ದಾಂತ್ ಭೀ ಉಸೀನೇ ತೋಡಾ?” ಎಂದು, ಅಂದರೆ ಹಲ್ಲೂ ಅವನೇ ಮುರಿದದ್ದಾ ಎಂದು ಪೊಲೀಸಿನವರು ಕೇಳಿದರು. ಇಲ್ಲ, ಜಾರಿ ಬಿದ್ದೆ ಎಂದೆ.

ಅನೂಪನಿಗೆ ನೀನಿರುವ ಜಾಗ ಗೊತ್ತಾಗಿಲ್ಲ. ಆದರೂ ನಿಮ್ಮ ಮುಖ್ಯಸ್ಥರಿಗೆ ಎಲ್ಲ ಹೇಳಿ, ಗೇಟಿನಲ್ಲಿ ಅವನ ಫೋಟೋ ಕೊಟ್ಟಿಡು. ಸಂಕೋಚಪಡಬೇಡ. ಮಾನ ಹೋಗಬೇಕಾದ್ದು ಅವನದು, ನಿನ್ನದಲ್ಲ. ಅಪ್ಪ ಆಫೀಸಿಗೆ ಹೋಗಿ ಬರುತ್ತಿದ್ದಾರೆ, ಮಾತು ಕಡಿಮೆ. ಪ್ರೇರಣಾ ಕೈಯಲ್ಲಿ ಚಟ್ನಿಪುಡಿ, ಕೋಡುಬಳೆ ಕಳಿಸಿದ್ದೇನೆ. ಕೈ ನೋವಿದ್ದರೆ ಬಿಸಿನೀರಿನ ಶಾಖ ಕೊಟ್ಟುಕೋ. ನಿನ್ನ ಕಣ್ಣು ಚುರುಕಾಗಿರಲಿ, ಬಾಗಿಲು ಗಟ್ಟಿಯಾಗಿರಲಿ, ನೂರು ವರ್ಷ ಆಕಾಶ ನೋಡಿಕೊಂಡು ಬಾಳು.

ನಿನ್ನ ಅಮ್ಮ,
ಮನೋರಮಾ

ಮರೆತದ್ದಲ್ಲ, ಬೇಕೆಂದೇ ಬಿಟ್ಟದ್ದು: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ನಾನು ಜಾರಿ ಬೀಳಲಿಲ್ಲ. ಹಲ್ಲು ಮುರಿದವನು ಅನೂಪನೂ ಅಲ್ಲ. ಅವನು ಕಣ್ಣು ಉಜ್ಜಿಕೊಳ್ಳುತ್ತ ನೆಲದ ಮೇಲೆ ಹೊರಳುತ್ತಿದ್ದಾಗ ಅಪ್ಪ ಪಕ್ಕದಲ್ಲಿ ಕೂತು, “ಸಮಾಧಾನ ಮಾಡ್ಕೋಪ್ಪ, ಅವಳು ಎಲ್ಲಿದಾಳೆ ನಾನು ಹೇಳ್ತೀನಿ” ಎಂದು ಬಾಯಿ ತೆರೆದರು. ಆ ಬಾಯನ್ನು ಅಂಗೈಯಿಂದ ಮುಚ್ಚಿದೆ. ನನ್ನ ಕೈ ಕಿತ್ತೆಸೆದು ಹಿತ್ತಾಳೆಯ ಚೊಂಬಿನಿಂದ ಮುಖಕ್ಕೆ ಬಡಿದರು. “ಅಳಿಯನ ಎದುರಿಗೆ ನನ್ನ ಬಾಯಿ ಮುಚ್ಚಿಸ್ತೀಯಾ?” ಎಂದರು. ಮೂವತ್ತಮೂರು ವರ್ಷ ನನ್ನ ಮೇಲೆ ದನಿ ಕೂಡ ಎತ್ತದ ಮನುಷ್ಯ. ಕಣ್ಣು ಬಿಡಲಾಗದೆ ಬಿದ್ದಿದ್ದ ಅನೂಪ್ ಆ ಸದ್ದು ಕೇಳಿ ನಕ್ಕ. ಅಷ್ಟರಲ್ಲಿ ಏಕನಾಥ ಬಾಗಿಲು ಬಡಿದರು, ನೀನಿರುವ ಊರಿನ ಹೆಸರು ಅಪ್ಪನ ಬಾಯಲ್ಲೇ ಉಳಿಯಿತು. ಮಾರನೆಯ ಬೆಳಿಗ್ಗೆ ಎಂದಿನಂತೆ ಕಾಫಿ ಕೇಳಿದರು.

ನೀನು ಬರೆದ ಕೊನೆಯ ಪುಟ ಈಗ ಅರ್ಥವಾಯಿತು.

ಮುಂದಿನ ಸಲ ಪ್ರೇರಣಾ ಇಳಿದು ಬಂದಾಗ ಅವಳ ಜೊತೆ ನಾನೂ ಹೊರಡುತ್ತೇನೆ. ನೀನು ಅಲ್ಲಿ ಎಲ್ಲರಿಗೂ ಹೇಳಿ ಭದ್ರ ಮಾಡಿಕೊಳ್ಳುವವರೆಗೆ ಇಲ್ಲಿದ್ದು ಅಪ್ಪನ ಆ ಬಾಯಿ ಕಾಯುತ್ತೇನೆ. ಅಷ್ಟು ಎತ್ತರದಲ್ಲಿ ಅನ್ನ ಸರಿಯಾಗಿ ಬೇಯುವುದಿಲ್ಲವಂತೆ. ಕುಕ್ಕರ್ ನಾನೇ ತರುತ್ತೇನೆ.