ಭಾವನ ಕಲ್ಲಿಗೆ ಅಕ್ಷರ

ಪ್ರೀತಿಯ ಭಾವಾ,

ಮಾನ್ಯ ಅಧ್ಯಕ್ಷರೇ, ಎಚ್ಚರವಾಗಿರುವ ಸಭಿಕರೇ, ಕೊನೆಯ ಕರೆ ಬರುವವರೆಗೂ ಏಳದಂತೆ ಮಲಗಿರುವ ಮಹನೀಯರೇ! ಸಮಾಧಿಕಲ್ಲಿನ ಅಂಗಡಿಯವನ ಸಭೆಯಲ್ಲಿ ಮಲಗಿದವರದೇ ಬಹುಮತ. ಇಂದಿನ ಭಾಷಣದ ವಿಷಯ: ‘ಮೇಲಿನ ಜ್ಞಾನ, ಲೋಕದ ಜ್ಞಾನ’. ಮೊದಲನೆಯದು ನಮ್ಮ ಭಾವನವರದು, ಎರಡನೆಯದು ನನ್ನದು. ಅಂಗಡಿಯನ್ನು ನಡೆಸಿದ್ದು ಎರಡನೆಯದು, ಮುಳುಗಿಸಿದ್ದು ಮೊದಲನೆಯದು.

ನಿಮ್ಮನ್ನು ಮಣ್ಣಿಗಿಟ್ಟು ಬಂದ ಮೇಲೆ ಖಾಲಿ ಅಂಗಡಿಯಲ್ಲಿ ಹೀಗೆ ಭಾಷಣ ಬಿಗಿಯುತ್ತಿರುತ್ತೇನೆ. ಅಕ್ಕ ಒಳಗಿಂದ, "ಯಾರ ಜೊತೆನೋ ಮಾತು?" ಅನ್ನುತ್ತಾಳೆ. "ಗಿರಾಕಿ" ಅನ್ನುತ್ತೇನೆ. ಗಿರಾಕಿ ಬರುತ್ತಿಲ್ಲವೆಂದು ಅವಳಿಗೂ ಗೊತ್ತು.

ನೀವು ಕೆತ್ತುವುದು, ನಾನು ಪ್ರಾಸ ಕಟ್ಟುವುದು: ಇಷ್ಟೇ ಅಲ್ಲವೇ ನಮ್ಮ ಕಂಪನಿ? ರೈಲಿನ ಗಾರ್ಡ್ ತೀರಿಕೊಂಡಾಗ ‘ಬಾವುಟ ಬೀಸಿದ, ಬಾನಿಗೆ ಏರಿದ’ ಎಂದು ಬರೆದುಕೊಟ್ಟೆ. ನೀವು ನಕ್ಕು ನಕ್ಕು ಕೆಮ್ಮಿದಿರಿ. ನಗೆಯಿಂದ ಬಂದ ಕೆಮ್ಮು ಎಂದುಕೊಂಡೆವು ಆಗ.

ಭಾನುವಾರ ಚರ್ಚಿನ ಪ್ರಸಂಗದಲ್ಲಿ ಸಭಾಪಾಲಕರು ಹೇಳುತ್ತಿದ್ದರು: ಲೋಕದ ಜ್ಞಾನ ಎದುರಾಳಿಯ ಎತ್ತರ ಅಳೆಯುತ್ತದೆ, ದೇವರು ಕೊಡುವ ಜ್ಞಾನ ಅವನಿಗೆ ಕೂರಲು ಜಾಗ ಬಿಡುತ್ತದೆ. ನಾನು ಒಂದಕ್ಷರ ಬಿಡದೆ ಕೇಳಿ, ಮಧ್ಯಾಹ್ನ ಊಟಕ್ಕೆ ಕೂತಾಗ ಒಪ್ಪಿಸುತ್ತಿದ್ದೆ. ನೀವು ಅರ್ಧಕ್ಕೇ ತೂಕಡಿಸುತ್ತಿದ್ದಿರಿ. ತೊಂದರೆ ಏನೆಂದರೆ, ಕೇಳಿಸಿಕೊಂಡ ಆ ಅರ್ಧವನ್ನು ನೀವು ನಿಜವಾಗಿ ನಂಬಿಬಿಟ್ಟಿರಿ.

ಎದುರಂಗಡಿಯಲ್ಲಿ ನಮ್ಮದೇ ಕಸುಬು ಮಾಡುವ ಪಾಲಿಶ್ ಮೇಸ್ತ್ರಿ ನಮ್ಮ ಮೆಟ್ಟಿಲು ಹತ್ತುವವರನ್ನು ತಡೆದು, "ಅವರ ಕಲ್ಲಾ? ಎರಡು ಮಳೆಗೆ ಬಿರುಕು ಬಿಡುತ್ತೆ" ಎಂದು ಹಬ್ಬಿಸುತ್ತಿದ್ದ. ಒಂದು ದಿನ ಕಲ್ಲು ಇಳಿಸುವಾಗ ಅವನ ಬಲಗೈ ಮೇಲೆಯೇ ಬಿತ್ತು. ನಾನು ಕೂತಲ್ಲೇ ಪದ್ಯ ಕಟ್ಟಿದೆ: ‘ಚಾಡಿಯ ಬಾಯಿಗೆ ಚಪ್ಪಡಿ ಉತ್ತರ.’ ಅಕ್ಕ ನಗು ತಡೆಯಲಾರದೆ ಒಳಗೆ ಓಡಿದಳು. ನೀವು ನಗಲಿಲ್ಲ. ಉಳಿಯ ಪೆಟ್ಟಿಗೆ ಎತ್ತಿಕೊಂಡು ರಸ್ತೆ ದಾಟಿದಿರಿ. ಅವನು ಒಪ್ಪಿಕೊಂಡಿದ್ದ ಕಲ್ಲುಗಳನ್ನೆಲ್ಲ, ಅವನ ಅಂಗಡಿಯಲ್ಲೇ ಕೂತು, ಅವನ ಹೆಸರಿನಲ್ಲೇ ಕೆತ್ತಿಕೊಟ್ಟಿರಿ.

"ಭಾವಾ, ನಿಮಗೆ ತಲೆ ಇದೆಯಾ?" ಎಂದು ಕೂಗಾಡಿದೆ.

"ಒಂದೇ ಇದೆ ಕವಿರಾಯ. ಭಾನುವಾರ ಒಂದು ಕೇಳಿ ಸೋಮವಾರ ಇನ್ನೊಂದು ಮಾಡೋಕೆ ಎರಡು ಬೇಕಾಗುತ್ತೆ" ಅಂದಿರಿ.

ಪ್ರಸಂಗದ ಕಥೆಗಳಲ್ಲಾದರೆ ಅವನು ಓಡಿಬಂದು ನಿಮ್ಮ ಕಾಲು ಹಿಡಿಯಬೇಕಿತ್ತು. ನಾನು ಕಾದೆ. ಅವನ ಕೈ ವಾಸಿಯಾಯಿತು, ಅಕ್ಷರ ಕೊರೆಯುವ ಮಿಷನ್ ತಂದ. ನಿಮಗೆ ವಾರ ಹಿಡಿಯುವ ಕೆಲಸ ಅದಕ್ಕೆ ಒಂದು ಮಧ್ಯಾಹ್ನ. ನಮ್ಮ ಗಿರಾಕಿಗಳು ಒಬ್ಬೊಬ್ಬರಾಗಿ ರಸ್ತೆ ದಾಟಿದರು. ಕಲ್ಲಿನ ಪುಡಿ ನಿಮ್ಮ ಎದೆಯೊಳಗೆ ಗಟ್ಟಿಯಾಗಿ ಕೂತಿತು. ಮಲಗಲಾಗದೆ ದಿಂಬುಗಳಿಗೆ ಒರಗಿ ಕೂತು, ಮಾತಿಗೊಮ್ಮೆ ಉಸಿರು ಹುಡುಕುತ್ತಾ ಕೇಳಿದಿರಿ, "ಎದುರಂಗಡಿ ಹೇಗೆ ನಡೀತಿದೆ?"

"ಮುಚ್ಚೋ ಲಕ್ಷಣ ಇಲ್ಲ, ನಮ್ಮ ದುರದೃಷ್ಟ."

"ಒಳ್ಳೇದಾಯ್ತು" ಅಂದಿರಿ. ಆ ‘ಒಳ್ಳೇದಾಯ್ತು’ ನನಗೆ ಇನ್ನೂ ಜೀರ್ಣವಾಗಿಲ್ಲ ಭಾವಾ.

ಕಳೆದ ವಾರ ಅವನು ಬಂದ. ಹೊಸ್ತಿಲ ಹೊರಗೇ ನಿಂತ. "ಅಣ್ಣನ ಕಲ್ಲು ನಾನು ಕೆತ್ತಲಾ? ಮಿಷನ್ನಲ್ಲಿ ಅಲ್ಲ, ಕೈಯಲ್ಲೇ. ಅಕ್ಷರ ನೀವು ಬರ್ಕೊಡಿ."

ನನ್ನ ನಾಲಿಗೆಯ ತುದಿಗೆ ಬಂದದ್ದನ್ನೆಲ್ಲ ಕೆತ್ತಿದ್ದರೆ ಒಂದು ಸಮಾಧಿ ತೋಟ ತುಂಬುತ್ತಿತ್ತು. "ಅದಕ್ಕೆ ಬೇರೆಯವರಿದ್ದಾರೆ" ಎಂದಷ್ಟೇ ಹೇಳಿದೆ. ಅವನು ತಲೆಯಾಡಿಸಿ ಮೆಟ್ಟಿಲಿಳಿದ.

ಅಕ್ಕ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು. "ಕರಿಯೋ ಅವನನ್ನ."

"ಅಕ್ಕಾ, ನಮ್ಮ ಅನ್ನ ಕಿತ್ಕೊಂಡವನು ಅವನು."

"ಗೊತ್ತು. ನಿಮ್ಮ ಭಾವ ಇದ್ದಿದ್ರೆ ಏನು ಮಾಡ್ತಿದ್ರು ಅಂತ ನಿನಗೂ ಗೊತ್ತು. ಬೇಗ ಕರಿ, ನನ್ನ ಮನಸ್ಸು ಬದಲಾಗೋಕೆ ಮುಂಚೆ."

ಕರೆದೆ. ಬರೆದುಕೊಟ್ಟೆ. ಹೆಸರು, ಹುಟ್ಟಿದ ದಿನ, ಹೋದ ದಿನ. ಅವನು ಕಾಗದ ತಿರುಗಿಸಿ ನೋಡಿ, "ಪದ್ಯ?" ಎಂದ. "ಭಾವನಿಗೆ ಆಡಂಬರ ಹಿಡಿಸ್ತಿರಲಿಲ್ಲ" ಎಂದೆ. ಊರಿನ ಸತ್ತವರಿಗೆಲ್ಲ ಪ್ರಾಸ ಸಿಕ್ಕಿತ್ತು, ನಿಮಗೆ ಒಂದು ಪದವೂ ಸಿಗಲಿಲ್ಲ ಎಂದು ಅವನ ಮುಂದೆ ಹೇಗೆ ಹೇಳಲಿ?

ಈ ಭಾನುವಾರ ಸಭಾಪಾಲಕರು ನನ್ನದೇ ಉದಾಹರಣೆ ಕೊಟ್ಟರು: ಮೇಲಿನ ಜ್ಞಾನ ಬಂದರೆ ಮನುಷ್ಯ ಹೀಗಾಗುತ್ತಾನೆ ಎಂದು. ನಾನು ವಿನಯದಿಂದ ತಲೆ ತಗ್ಗಿಸಿದೆ. ಚೆನ್ನಾಗಿಯೇ ತಗ್ಗಿಸಿದೆ.

ಸುಳ್ಳು ಭಾವಾ. ನಾನು ಅವನನ್ನು ಕ್ಷಮಿಸಿಲ್ಲ. ಈಗ ಅವನು ಎದುರಿಗೆ ಕೂತು ಕೆತ್ತುತ್ತಿದ್ದಾನೆ. ಎರಡು ಏಟು, ಆಮೇಲೆ ಪುಡಿ ಊದಲು ಒಂದು ಬಿಡುವು. ಅದು ನಿಮ್ಮ ಲಯ; ಕೈ ಮುರಿದು ಕೂತಿದ್ದಾಗ ನಿಮ್ಮನ್ನು ನೋಡುತ್ತಾ ಕಲಿತಿರಬೇಕು. ಬೆಳಗ್ಗೆ ಆ ಸದ್ದು ಕೇಳಿದ ಕೂಡಲೇ ನೀವೇ ಅಂದುಕೊಂಡು ಬಾಗಿಲಿನವರೆಗೂ ಓಡಿದೆ. ಅಕ್ಕ ನನಗಿಂತ ಮೊದಲೇ ಬಂದು ಅಲ್ಲಿ ನಿಂತಿದ್ದಳು. ಅವನ ಒಳಿತನ್ನು ನಾನು ಇನ್ನೂ ಬೇಡಲಾರೆ. ಅವನ ಕೆಲಸ ಬೇಗ ಮುಗಿಯದಿರಲಿ ಎಂದಷ್ಟೇ ದೇವರನ್ನು ಬೇಡುತ್ತಿದ್ದೇನೆ.

ಹೋಗಿಬನ್ನಿ ಭಾವಾ. ಅಲ್ಲಿ ನಿಮ್ಮ ಉಸಿರು ಸಲೀಸಾಗಿ ಆಡಲಿ.

ನಿಮ್ಮ ಮೈದುನ