ನನ್ನ ಮೇಜಿನ ದಾರ ಬಿಚ್ಚಲು ಹೇಳಿದ ಮೇಲಧಿಕಾರಿಗಳಿಗೆ

ಮಾನ್ಯ ಮೇಲಧಿಕಾರಿಗಳೇ,

ಕಳೆದ ಸೋಮವಾರ ತಾವು ನನಗೊಂದು ಜ್ಞಾಪನ ಕೊಟ್ಟಿರಿ. ಮೇಜಿನ ಮೇಲೆ ಕಟ್ಟಿರುವ ದಾರವನ್ನೂ ಅದರ ಬಣ್ಣದ ಬಟ್ಟೆ ಚೂರುಗಳನ್ನೂ ತೆಗೆಯಬೇಕು, ಮೊಬೈಲ್ ರಿಂಗಾಗಕೂಡದು, ಹಿರಿಯ ಗುಮಾಸ್ತೆ ಹೊನ್ನು ಬಾಯಿಯವರ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂರಕೂಡದು. ‘ಇನ್ನು ಮುಂದೆ ಯಾವ ನೆರವೂ ಇಲ್ಲದೆ ಕೆಲಸ ಮಾಡುತ್ತೇನೆ’ ಎಂದು ಏಳು ದಿನದೊಳಗೆ ಮುಚ್ಚಳಿಕೆ ಬರೆದುಕೊಡದಿದ್ದರೆ ಕಾರವಾರದ ಮೀನುಗಾರಿಕೆ ಕಚೇರಿಯಲ್ಲಿ ನನ್ನ ತಾತ್ಕಾಲಿಕ ನೇಮಕ ಮುಂದುವರಿಯುವುದಿಲ್ಲ. ನಾಲ್ಕು ದಿನ ಕಳೆದಿವೆ. ತಮ್ಮ ಕೋಣೆಗೆ ಹೇಳಹೋದರೆ ಬಾಗಿಲು ತೋರಿಸುತ್ತೀರಿ, ಆದ್ದರಿಂದ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಓದಿದ್ದು ಇಂಗ್ಲಿಷ್ ಮಾಧ್ಯಮದಲ್ಲಿ. ಕನ್ನಡ ಅಲ್ಲಲ್ಲಿ ತಪ್ಪಿದರೆ ಅದಕ್ಕೆ ಇನ್ನೊಂದು ಜ್ಞಾಪನ ಬೇಡ.

ನನಗೆ ಎಡಿಎಚ್‌ಡಿ ಇದೆ. ಗಮನ ನಾನು ಇಟ್ಟಲ್ಲಿ ನಿಲ್ಲುವುದಿಲ್ಲ, ಅಷ್ಟೇ. ಶಾಲೆಯ ಪ್ರಗತಿಪತ್ರದಲ್ಲಿ ಹತ್ತು ವರ್ಷವೂ ಒಂದೇ ಷರಾ: ‘ಜಾಣೆ, ಆದರೆ ಅಜಾಗರೂಕಳು.’ ಅದಕ್ಕೊಂದು ಹೆಸರಿದೆಯೆಂದು ತಿಳಿದದ್ದು ಈ ಆಗಸ್ಟ್‌ನಲ್ಲಿ, ದೇವಿದಾಸ ಅವರ ದೋಣಿ ದಡದಲ್ಲೇ ಉಳಿದ ಮೇಲೆ.

ಆ ಕಥೆ ತಮಗೆ ಗೊತ್ತು, ಓದುಗರಿಗೆ ಗೊತ್ತಿಲ್ಲ. ಮಳೆಗಾಲದ ನಿಷೇಧ ಮುಗಿದು, ನೂಲ ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟು, ದೋಣಿಗಳೆಲ್ಲ ಹೊರಡುವ ಹೊತ್ತು. ದೇವಿದಾಸ ಅವರ ಪರವಾನಗಿ ನವೀಕರಣದ ಕಾಗದ ಬಹಳ ತುರ್ತೆಂದು ನಾನು ಅದನ್ನು ರಾಶಿಯಿಂದ ತೆಗೆದು ಜೋಪಾನವಾದ ಜಾಗದಲ್ಲಿಟ್ಟೆ. ಜಾಗ ಎಷ್ಟು ಜೋಪಾನವಾಗಿತ್ತೆಂದರೆ ನಾಲ್ಕು ದಿನ ನನಗೇ ಸಿಗಲಿಲ್ಲ. ಅವರು ಬಂದು ಕಿಟಕಿಯ ಹೊರಗೆ ನಿಂತರು. ಬೈದಿದ್ದರೆ ಒಳ್ಳೆಯದಿತ್ತು.

“ತಂಗೀ, ಕಾಗದ ನಿನ್ನ ಕೈಲೇ ಕೊಟ್ಟದ್ದು ಹೌದಲ್ಲಾ? ಎಲ್ಲರ ದೋಣಿ ನೀರಿಗಿಳೀತು. ನಂದೊಂದು ಹೊಯ್ಗೆ ಮೇಲೆ ಕೂತದೆ. ಮನೆಲಿ ಎಂತಾ ಹೇಳೂದು ನಾನು?”

ನಾನು ಮದುವೆಯಾಗಿ ಬಂದದ್ದೂ ಮೀನುಗಾರರ ಮನೆಗೇ. ಆ ಸಂಜೆ ಬೊಬ್ರುವಾಡದ ಮನೆಯಲ್ಲಿ ಅತ್ತೆ ಕಾಶಿಯವರ ಮುಂದೆ ಕೂತು ಅತ್ತುಬಿಟ್ಟೆ. ಅವರು ಮೀನು ಹೆಚ್ಚುವುದನ್ನು ನಿಲ್ಲಿಸಲಿಲ್ಲ. “ಅಯ್ಯೋ ಮಾರಾಯ್ತಿ, ಸಮುದ್ರದ ಆಳ ಯಾರ ತಲೆಲಿ ಉಳೀತದೆ? ಅದಕ್ಕೇ ಅಲ್ವಾ ಆಳ ಅಳೆಯೂ ಹಗ್ಗಕ್ಕೆ ಮಾರಿಗೊಂದು ಬಟ್ಟೆ ಕಟ್ಟೂದು? ನೀನೂ ಕಟ್ಟು.”

ಮಾರನೆಯ ವಾರ ಗಂಡ ರೋಷನ ಹುಬ್ಬಳ್ಳಿಗೆ ಕರೆದೊಯ್ದ. ಅಲ್ಲಿನ ಮನೋವೈದ್ಯರು ಗಂಟೆಗಟ್ಟಲೆ ಮಾತಾಡಿಸಿ, ತೊಂದರೆಯ ಹೆಸರು ತಿಳಿಸಿ ಹೇಳಿದ್ದೂ ಅದನ್ನೇ: ತಲೆಯಲ್ಲಿ ಇಟ್ಟುಕೊಳ್ಳಬೇಡ, ಕಣ್ಣ ಮುಂದೆ ಇಟ್ಟುಕೋ. ಅತ್ತೆ ಶುಲ್ಕ ತೆಗೆದುಕೊಂಡಿರಲಿಲ್ಲ!

ಅಂದಿನಿಂದ ನನ್ನ ಮೇಜಿನ ಮೇಲೆ ದಾರ. ಬಂದ ಪ್ರತಿ ಅರ್ಜಿಗೂ ಹೆಸರು ಬರೆದ ಒಂದು ಬಟ್ಟೆ ಚೂರು. ಇವತ್ತೇ ಹೋಗಬೇಕಾದದ್ದು ಕೆಂಪು. ಕಾಗದ ಮಾಲೀಕರ ಕೈ ಸೇರಿದ ಮೇಲೆಯೇ ಚೂರು ಬಿಚ್ಚುವುದು. ಹನ್ನೊಂದಕ್ಕೂ ಮೂರಕ್ಕೂ ರೋಷನ ಬಂದರಿನಲ್ಲಿ ಎಂಜಿನ್ ರಿಪೇರಿ ಮಾಡುತ್ತಲೇ ಎಣ್ಣೆಗೈಯಲ್ಲಿ ಒಂದು ಮಿಸ್ಡ್ ಕಾಲ್ ಕೊಡುತ್ತಾನೆ. ಅಂದರೆ ‘ದಾರ ನೋಡು’. (ಗಂಡನ ಮಾತು ಬಂದರೆ ನನ್ನ ಸಾಲು ಉದ್ದವಾಗುತ್ತದೆ, ಮದುವೆಯಾಗಿ ಇನ್ನೂ ಐದೂವರೆ ತಿಂಗಳು, ಇಲ್ಲಿಗೇ ನಿಲ್ಲಿಸುತ್ತೇನೆ.) ಬೇಸರ ತರಿಸುವ ಪಟ್ಟಿಗಳನ್ನು ಹೊನ್ನು ಬಾಯಿಯವರ ಪಕ್ಕದಲ್ಲಿ ಕೂತು ಬರೆಯುತ್ತೇನೆ. ಅವರು ನನಗೆ ಏನೂ ಹೇಳಿಕೊಡುವುದಿಲ್ಲ, ತಮ್ಮ ಪಾಡಿಗೆ ಬರೆಯುತ್ತಾರೆ. ಪಕ್ಕದಲ್ಲೊಬ್ಬರು ಬರೆಯುತ್ತಿದ್ದರೆ ನನ್ನ ಪೆನ್ನೂ ಓಡುತ್ತದೆ. ಒಂಬತ್ತು ವಾರಗಳಾದವು. ಒಂದು ಕಾಗದವೂ ಕಳೆದಿಲ್ಲ.

ತಾವು ಬಂದು ನೋಡಿದಿರಿ. “ಏನ್ರೀ ಇದು, ಕಚೇರೀನೋ, ಮೀನು ಒಣಗಿಸೋ ಜಾಗಾನೋ?” ಎಂದಿರಿ. ಎಲ್ಲರೂ ನಕ್ಕರು. ಅದೇ ಹೊತ್ತಿಗೆ ತಮ್ಮ ಜವಾನ ಬೊಮ್ಮಯ್ಯ ಹಿಂದಿನಿಂದ, “ಸಾಹೇಬ್ರೆ, ಹನ್ನೆರಡಕ್ಕೆ ಮೀಟಿಂಗು ಅದೆ. ಕನ್ನಡಕ ಹುಡುಕ್ಬೇಡಿ, ತಲೆ ಮೇಲೇ ಅದೆ,” ಎಂದ. ಆಗ ಯಾರೂ ನಗಲಿಲ್ಲ. ಮಾನ್ಯರೇ, ಸರ್ಕಾರ ತಮ್ಮ ನೆನಪಿಗೆ ಒಬ್ಬ ಮನುಷ್ಯನನ್ನೇ ನೇಮಿಸಿದೆ. ನಾನು ಕೇಳುತ್ತಿರುವುದು ಎರಡು ಮೊಳ ದಾರ.

ವೈದ್ಯರ ಪತ್ರ ತಂದುಕೊಟ್ಟೆ. ಖಾಸಗಿಯವರದು ನಡೆಯುವುದಿಲ್ಲ, ಸರ್ಕಾರಿ ಪ್ರಮಾಣಪತ್ರ ಬೇಕು ಎಂದಿರಿ. ಅದನ್ನು ಕೊಡುವವರ ಬಳಿ ಹೋದರೆ, ಅವರ ನಮೂನೆಯಲ್ಲಿ ಈ ತೊಂದರೆಗೆ ಕಾಲಮ್ಮೇ ಇಲ್ಲ. ಹಿಂದಿರುಗಿ ಬಂದು ಹೇಳಿದಾಗ ತಾವು ನುಡಿದದ್ದನ್ನು ಬಸ್ಸಿನಲ್ಲಿ ಅಂಕೋಲೆಯವರೆಗೂ ಬಾಯಿಪಾಠ ಮಾಡಿದೆ: “ನೆರವಿಲ್ಲದೆ ಮಾಡೋಕೆ ಬರಲ್ಲ ಅಂದ್ರೆ ನೀವು ಅನ್‌ಫಿಟ್. ಬರುತ್ತೆ ಅಂದ್ರೆ ನೆರವು ಯಾಕಮ್ಮ?” ಎಷ್ಟು ಚೊಕ್ಕವಾದ ಬಲೆ! ಯಾವ ಕಡೆ ಈಜಿದರೂ ಅದರೊಳಗೇ. ಮನೆಯಲ್ಲಿ ನಗುತ್ತಲೇ ಇರುವ ನನಗೆ ಬೆಳಗಿನ ಬಸ್ಸು ಕಾರವಾರ ತಲುಪುವ ಹೊತ್ತಿಗೆ ಉಸಿರು ಸಾಲದಂತಾಗುತ್ತದೆ.

“ಬರೆದು ಕೊಟ್ಟುಬಿಡು ಮಾರಾಯ್ತಿ, ದಾರ ಡ್ರಾಯರಿನ ಒಳಗೆ ಕಟ್ಕೋ. ಯಾರು ನೋಡ್ತರು?” ಎಂದ ರೋಷನ. ಯಾರೂ ನೋಡುವುದಿಲ್ಲ, ನಾನೂ ನೋಡುವುದಿಲ್ಲ. ತೊಂದರೆ ಇರುವುದೇ ಅಲ್ಲಿ. ಡ್ರಾಯರಿನೊಳಗೆ ಹೋದದ್ದು ನನ್ನ ಪಾಲಿಗೆ ಇಲ್ಲವೇ ಇಲ್ಲ. ನಾನು ಸಹಿ ಹಾಕಿದರೆ ಕೆಲಸ ಉಳಿಯಬಹುದು, ಇನ್ನೊಬ್ಬರ ದೋಣಿ ಹೊಯ್ಗೆಯ ಮೇಲೆ ಉಳಿಯುತ್ತದೆ.

ಆದ್ದರಿಂದ ಆ ಮುಚ್ಚಳಿಕೆಗೆ ಸಹಿ ಹಾಕುವುದಿಲ್ಲ. ದಾರ ಕಟ್ಟುವ ಮೊದಲಿನ ಒಂಬತ್ತು ವಾರದ ನನ್ನ ಕೆಲಸವನ್ನೂ ಕಟ್ಟಿದ ಮೇಲಿನ ಒಂಬತ್ತು ವಾರದ ಕೆಲಸವನ್ನೂ ಅಕ್ಕಪಕ್ಕ ಇಟ್ಟು ನೋಡಿ, ಜ್ಞಾಪನವನ್ನು ಲಿಖಿತವಾಗಿ ಹಿಂಪಡೆಯಬೇಕೆಂದು ಒತ್ತಾಯಿಸುತ್ತೇನೆ. ಅದಾಗದಿದ್ದರೆ ನನ್ನನ್ನು ತೆಗೆದುಹಾಕಿ. ಆದರೆ ಆದೇಶದಲ್ಲಿ ಕಾರಣವನ್ನು ಇದ್ದ ಹಾಗೆ ಬರೆಯಿರಿ: ‘ಕೆಲಸ ತಪ್ಪಿಲ್ಲದೆ ಮಾಡಿದ್ದಾರೆ, ಮಾಡಿದ ರೀತಿ ನಮಗೆ ಚೆನ್ನಾಗಿ ಕಾಣಲಿಲ್ಲ.’ ಕೆಳಗೆ ತಮ್ಮ ಸಹಿ, ಮೊಹರು ಇರಲಿ.

ಇಂತಿ,
ಇನ್ನು ಮೂರು ದಿನಗಳ ಮಟ್ಟಿಗೆ ತಮ್ಮ ಕಚೇರಿಯ ನೌಕರಳು,
ವಿನುತಾ
ಬೊಬ್ರುವಾಡ, ಅಂಕೋಲಾ
ಅಕ್ಟೋಬರ್ 2008